ಜರಿಗಿಡ ಕೆರೆದು ಜರಿಗಿಡ ಬರೆದರು

ನಮ್ಮ ಮನೆಯಿಂದ ಕದ್ರಿ ಕಡೆಗೆ ಹೋಗುವ ಇಳಿಜಾರಿನಲ್ಲಿ ಉದ್ದಕ್ಕೆ ಒಂದು ಕೆಂಪುಕಲ್ಲಿನ ಗೋಡೆ ಇದೆ. ಮುರಕಲ್ಲು ನಿಮಗೆ ಗೊತ್ತಲ್ವಾ, ಮೈತುಂಬಾ ತೂತು, ಎಷ್ಟು ನೀರು ಕೊಟ್ಟರೂ ಕುಡಿಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಮಂಗಳೂರಿನಲ್ಲಿ ಅಂಥ ಗೋಡೆ ಸುಮ್ನೆ ಇರುತ್ತದಾ? ಮೊದಲು ಪಾಚಿ, ಅದರ ಮೇಲೆ ಜರಿಗಿಡ, ಸಂದಿಯಲ್ಲಿ ಹಕ್ಕಿಯ ಹಿಕ್ಕೆಯಿಂದ ಹುಟ್ಟಿದ ಅಶ್ವತ್ಥದ ಸಸಿ, ಬುಡದಲ್ಲಿ ಕೆಸು. ಯಾರೂ ನೆಟ್ಟಿದ್ದಲ್ಲ.

ಈ ಬೇಸಿಗೆಯಲ್ಲಿ ಆ ಗೋಡೆಗೆ ಕಲೆ ಬಂತು. ವಿಷಯ, ‘ನಗರದಲ್ಲಿ ಸೋಲದ ಪ್ರಕೃತಿ’.

ಮೊದಲ ದಿನ ನಾಲ್ಕು ಜನ ಬಂದು ತಂತಿ ಬ್ರಶ್ಶಿನಿಂದ ಪ್ರಕೃತಿಯನ್ನು ಕೆರೆದು ತೆಗೆದರು. ಅಶ್ವತ್ಥದ ಸಸಿಯ ಎದುರು ಮಾತ್ರ ಸ್ವಲ್ಪ ಹೊತ್ತು ನಿಂತರು. ಕಡಿದರೆ ಪಾಪ, ಕತ್ತಿ ಎತ್ತಲು ಯಾರೂ ತಯಾರಿಲ್ಲ. ಕೊನೆಗೆ ಒಬ್ಬರು ಬುಡಕ್ಕೆ ಆಸಿಡ್ ಹೊಯ್ದರು. ಆಸಿಡ್ ಬಗ್ಗೆ ಶಾಸ್ತ್ರದಲ್ಲಿ ಎಂತದೂ ಹೇಳಿಲ್ಲ ನೋಡಿ. ಆಮೇಲೆ ಸಿಮೆಂಟ್ ಸಾರಣೆ, ಎರಡು ಕೋಟ್ ಪ್ರೈಮರ್. ಅದು ಒಣಗಿದ ಮೇಲೆ ಕಲಾವಿದರು ಬಂದು ಅದೇ ಜಾಗದಲ್ಲಿ ಜರಿಗಿಡ ಬರೆದರು. ಚಂದ ಬರೆದಿದ್ದರು, ಸುಳ್ಳು ಹೇಳಬಾರದು. ಎಲೆಯ ಅಡಿಯ ಕಂದು ಚುಕ್ಕೆಗಳನ್ನೂ ಬಿಟ್ಟಿರಲಿಲ್ಲ. ನಡುವೆ ದೊಡ್ಡ ಕೊಕ್ಕಿನ ಒಂದು ಮಂಗಟ್ಟೆ ಹಕ್ಕಿ.

ಉದ್ಘಾಟನೆಗೆ ನಾನೂ ಹೋಗಿದ್ದೆ. ಬಿಸಿಲಿಗೆ ಶಾಮಿಯಾನ ಹಾಕಿದ್ದರು. ಅಲ್ಲಿದ್ದ ಗೋಳಿಮರ ರಸ್ತೆ ಅಗಲ ಮಾಡುವಾಗ ಹೋಗಿತ್ತಲ್ಲ. ಭಾಷಣದಲ್ಲಿ ಜರ್ಮನಿಯ ಜೋಸೆಫ್ ಬಾಯ್ಸ್ ಹೆಸರು ಬಂತು. 1982ರಲ್ಲಿ ಕಾಸೆಲ್ ಎಂಬ ಊರಿನಲ್ಲಿ 7,000 ಮರ ನೆಡಲು ಹೊರಟ ಕಲಾವಿದ. ಒಂದೊಂದು ಗಿಡದ ಪಕ್ಕ ಒಂದೊಂದು ಬಸಾಲ್ಟ್ ಕಲ್ಲು. ಕೆಲಸ ಮುಗಿದದ್ದು 1987ರಲ್ಲಿ, ಅಷ್ಟರಲ್ಲಿ ಅವರೇ ತೀರಿಹೋಗಿದ್ದರು. ನಮ್ಮವರಿಗೆ ಅಷ್ಟು ತಾಳ್ಮೆ ಎಲ್ಲಿ? ಕಲ್ಲಿನ ಭಾಗವನ್ನು ಮೊದಲೇ ಮುಗಿಸಿದ್ದಾರೆ. ಉಳಿದಿರುವ ನಾಲ್ಕು ಮರಗಳ ಕುತ್ತಿಗೆವರೆಗೂ ಕಾಂಕ್ರೀಟ್.

ಆಮೇಲೆ ಮಳೆ ಹಿಡಿಯಿತು. ತುಳುವರ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಬಣ್ಣ ಉಬ್ಬಿ, ಬಿರಿದು, ಬರೆದ ಜರಿಗಿಡದ ಒಳಗಿಂದ ಒರಿಜಿನಲ್ ಜರಿಗಿಡ ತಲೆ ಹಾಕಿತು. ಮಂಗಟ್ಟೆಯ ಕೊಕ್ಕಿಗೆ ಪಾಚಿ ಹತ್ತಿತು. ಆಸಿಡ್ ಕುಡಿದ ಅಶ್ವತ್ಥ ಆ ಹಕ್ಕಿಯ ಕಣ್ಣಿನಿಂದಲೇ ಎರಡು ಎಲೆ ಬಿಟ್ಟಿತು, ಕೆಂಪು ಕೆಂಪು ಚಿಗುರು. ವಿಷಯಕ್ಕೆ ತಕ್ಕ ಚಿತ್ರ ಈಗ ಆಯಿತು ಅಂತ ನಾನು ಖುಷಿಪಟ್ಟೆ.

ಖುಷಿಪಟ್ಟದ್ದು ನಾನೊಬ್ಬನೇ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬಂತು, “ಕಲೆ ಹಾಳಾಗ್ತಾ ಉಂಟು, ಯಾರಾದ್ರೂ ಕ್ರಮ ತಗೊಳ್ಳಿ.” ಕಳೆದ ವಾರ ನೋಡುವಾಗ ಮೇಸ್ತ್ರಿಯೊಬ್ಬರು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು.

“ಎಂತ ಮಾರಾಯ್ರೆ, ಪುನಃ?”

“ಪ್ರಕೃತಿಗೆ ವಾಟರ್‌ಪ್ರೂಫ್ ಮಾಡ್ಲಿಕ್ಕುಂಟು,” ಎಂದರು. ಟೇಪು ಮಡಚಿ ಕಿಸೆಗೆ ಹಾಕಿ, ಗೋಡೆಯ ಬುಡದಿಂದ ಎಳೆ ಕೆಸುವಿನ ಎಲೆಗಳನ್ನು ಆರಿಸಿ ಕೊಯ್ಯತೊಡಗಿದರು. “ನಾಳೆ ಹೇಗೂ ಆಸಿಡ್ ಬೀಳ್ತದೆ. ಇವತ್ತು ಪತ್ರೊಡೆಗಾದ್ರೂ ಆಗ್ತದೆ.”