ಹಾಲಕ್ಕಿ ನುಡಿತೈತೆ, ಅಸೋಸಿಯೇಷನ್ ನಡುಗುತೈತೆ

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಮೆಸೇಜು ನಿಮ್ಮ ಗುಂಪಿಗೂ ಬಂದಿರುತ್ತದೆ. "ಗೇಟಿನ ಪಕ್ಕದ ಮಳೆಮರದಲ್ಲಿ ಗೂಬೆ ಕೂರುತ್ತಿದೆ. ಬಿ ಬ್ಲಾಕಿನ ಹಿರಿಯರಿಗೆ ನಿದ್ದೆ ಇಲ್ಲ. ಕೊಂಬೆ ಕಡಿಸಿ ಸಾರ್, ಪ್ಲೀಸ್." ಕೆಳಗೆ ಸಾಲುಸಾಲು ಹೆಬ್ಬೆರಳು. ಓವರ್‌ಹೆಡ್ ಟ್ಯಾಂಕ್ ಸೋರುತ್ತಿದೆ ಅಂತ ಯುಗಾದಿಗೆ ಹಾಕಿದ ಮೆಸೇಜಿಗೆ ಇನ್ನೂ ಒಂದು ಹೆಬ್ಬೆರಳೂ ಬಿದ್ದಿಲ್ಲ.

ಆರೋಪಿಯ ವಿವರ ಕೊಡುತ್ತೇನೆ. ಹೆಸರು ಹಾಲಕ್ಕಿ, ಚುಕ್ಕೆ ಗೂಬೆ ಅಂತಲೂ ಕರೆಯುತ್ತಾರೆ. ಉದ್ದ 21 ಸೆಂ.ಮೀ. ತೂಕ ಕಾಲು ಕೆಜಿಯೂ ಇಲ್ಲ. ಬೂದುಗಂದು ಮೈ ತುಂಬ ಬಿಳಿ ಚುಕ್ಕೆ, ಹಳದಿ ಕಣ್ಣು. ಸಂಜೆ ಬೀದಿದೀಪ ಹತ್ತಿದ ಮೇಲೆ ಕರೆಂಟ್ ತಂತಿಯ ಮೇಲೆ ಜೋಡಿಯಾಗಿ, ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ. ಒಂದು ಇನ್ನೊಂದರ ನೆತ್ತಿ ಕೆದರುತ್ತದೆ, ಅದು ಕಣ್ಣು ಮುಚ್ಚಿ ಕೆದರಿಸಿಕೊಳ್ಳುತ್ತದೆ. ದೀಪಕ್ಕೆ ಬಂದ ದುಂಬಿ ಕೆಳಗೆ ಬಿದ್ದರೆ ಇಳಿದು, ಹಿಡಿದು, ಮತ್ತೆ ತಂತಿಗೆ. ನಾವು ಹತ್ತಿರ ಹೋದರೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಗುರಾಯಿಸುತ್ತವೆ. ಮೇಂಟೆನೆನ್ಸ್ ಕಟ್ಟದೇ ಇದ್ದರೂ ಗುರಾಯಿಸುವ ಧೈರ್ಯ ನಮ್ಮ ಕಟ್ಟಡದಲ್ಲಿ ಇವಕ್ಕೆ ಮಾತ್ರ ಇದೆ.

ಇದೇ ಹಾಲಕ್ಕಿಯ ಹೆಸರು ಹೇಳಿಕೊಂಡು ಬೆಳಗಿನ ಜಾವ ಬುಡಬುಡಿಕೆಯವನು ಬರುತ್ತಾನೆ. "ಹಾಲಕ್ಕಿ ನುಡಿತೈತೆ, ಶುಭ ನುಡಿತೈತೆ, ಈ ಮನೆಗೆ ಒಳ್ಳೇದಾಗತೈತೆ." ಅಮ್ಮಂದಿರು ಅಕ್ಕಿ ಕೊಡುತ್ತಾರೆ, ಹಳೇ ಶರ್ಟು ಕೊಡುತ್ತಾರೆ, ಮಗಳ ಮದುವೆ ಯಾವಾಗ ಅಂತ ಕೇಳುತ್ತಾರೆ. ಅದೇ ಸಂಜೆ ಆ ಹಕ್ಕಿ ಸ್ವತಃ ಬಂದು, ಮಧ್ಯವರ್ತಿ ಇಲ್ಲದೆ, ಚಿರ್ರ್ ಚಿರ್ರ್ ಅಂದರೆ ಪುರೋಹಿತರಿಗೆ ಫೋನು. ದಲ್ಲಾಳಿ ಇಲ್ಲದೆ ನೇರವಾಗಿ ಬಂದವರನ್ನು ನಾವು ನಂಬುವುದಿಲ್ಲ. ಸೈಟು ವ್ಯವಹಾರದಲ್ಲೂ ಅಷ್ಟೇ, ಶಕುನದಲ್ಲೂ ಅಷ್ಟೇ.

ಗೂಬೆ ಮನೆ ಹೊಕ್ಕರೆ ಮನೆ ಬಿಡಬೇಕು ಅಂತಾರೆ. ಮೂರು ತಿಂಗಳೋ ಆರು ತಿಂಗಳೋ, ಅದು ಜ್ಯೋತಿಷಿಯ ಮೂಡಿಗೆ ಬಿಟ್ಟದ್ದು. ಬೆಂಗಳೂರಲ್ಲಿ ಬಾಡಿಗೆದಾರನನ್ನು ಬಿಡಿಸಲು ಕೋರ್ಟಿಗೆ ವರ್ಷಗಟ್ಟಲೆ ಅಲೆದು ಚಪ್ಪಲಿ ಸವೆಸಿದ ಮಾಲೀಕರಿದ್ದಾರೆ. ಆ ಕೆಲಸವನ್ನು ಈ ಹಕ್ಕಿ ನೋಟಿಸಿಲ್ಲದೆ ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ. ಮಾಲೀಕರ ಸಂಘದವರು ಯಾಕೆ ಇನ್ನೂ ಸನ್ಮಾನ ಮಾಡಿಲ್ಲವೋ ಗೊತ್ತಿಲ್ಲ.

ಮನೆ ಖಾಲಿ ಮಾಡಿಸುವುದು ಚಿಕ್ಕ ಕೆಲಸವಾಯಿತು. ಸರ್ಕಾರ ಬೀಳಿಸುವ ಶಕ್ತಿಯೂ ಗೂಬೆಗಿದೆಯಂತೆ. 2018ರಲ್ಲಿ ತೆಲಂಗಾಣ ಚುನಾವಣೆಗೆ ಮುಂಚೆ ನಮ್ಮ ಕಲಬುರಗಿ ಜಿಲ್ಲೆಯ ಸೇಡಂನಲ್ಲಿ ಪೊಲೀಸರು ಗೂಬೆ ಸಾಗಿಸುವವರನ್ನು ಹಿಡಿದದ್ದು ನೆನಪಿದೆ ಅಲ್ವಾ? ಅವು ದೊಡ್ಡ ಜಾತಿ, ಕೊಂಬಿನ ಗೂಬೆ. ಎದುರಾಳಿಗೆ ಕೆಟ್ಟದಾಗಲಿ ಅಂತ ಗಡಿಯಾಚೆಯ ರಾಜಕಾರಣಿಗಳು ತರಿಸುತ್ತಿದ್ದರು ಎಂದು ಸಿಕ್ಕಿಬಿದ್ದವರು ಬಾಯಿಬಿಟ್ಟರಂತೆ. ನನಗೆ ಈ ಹೂಡಿಕೆ ತುಂಬಾ ಇಷ್ಟವಾಯಿತು. ತೆಲಂಗಾಣದಲ್ಲಿ 119 ಕ್ಷೇತ್ರ. ಒಂದೊಂದರಲ್ಲೂ ಒಬ್ಬ ಗೆದ್ದ, ಉಳಿದವರೆಲ್ಲ ಸೋತರು. ಅಂದರೆ ಗೂಬೆಯ ಫಲಿತಾಂಶ ನೂರಕ್ಕೆ ನೂರು. ಯಾವ ಸಮೀಕ್ಷೆ ಕಂಪನಿಗೂ ಈ ದಾಖಲೆ ಇಲ್ಲ. ನಮ್ಮ ಕಡೆ ಬಿಡಿ, ಇಲ್ಲಿ ಅಷ್ಟು ಖರ್ಚಿಲ್ಲ. ದಿನಾ ಪ್ರೆಸ್‌ಮೀಟ್ ಕರೆದು ಒಬ್ಬರ ಮೇಲೊಬ್ಬರು ಪುಕ್ಕಟೆ ಗೂಬೆ ಕೂರಿಸುತ್ತಾರೆ.

ಬಡವರು, ಓದಿಲ್ಲದವರು ಇದನ್ನೆಲ್ಲ ಮಾಡುತ್ತಾರೆ ಅಂತ ನೀವು ಅಂದುಕೊಂಡಿದ್ದರೆ ಒಂದು ಕಥೆ ಕೇಳಿ. ಹಾಲಕ್ಕಿಗೆ ಒಬ್ಬ ಸೋದರಸಂಬಂಧಿ ಇದೆ, ಫಾರೆಸ್ಟ್ ಔಲೆಟ್. ಮಧ್ಯ ಭಾರತದ ಕಾಡಿನದು. 1884ರ ನಂತರ ಯಾರ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ. ಮಧ್ಯೆ ಇಂಗ್ಲೆಂಡಿನ ಒಬ್ಬ ಭಾರೀ ಕರ್ನಲ್ ಸಾಹೇಬ, ರಿಚರ್ಡ್ ಮೈನರ್ಟ್ಸ್‌ಹಾಗನ್, ತಾನು 1914ರಲ್ಲಿ ಗುಜರಾತಿನಲ್ಲಿ ಹೊಡೆದದ್ದು ಅಂತ ಒಂದು ಹಕ್ಕಿಯನ್ನು ತೋರಿಸಿದ. ವಿಜ್ಞಾನಿಗಳು ತಲೆಬಾಗಿದರು. ಕರ್ನಲ್ ಅಲ್ವಾ! ಕೊನೆಗೆ ಪಮೇಲಾ ರಾಸ್ಮುಸೆನ್ ಅನ್ನುವ ಅಮೆರಿಕದ ಪಕ್ಷಿ ವಿಜ್ಞಾನಿ ಕೂತು ಕೂಲಂಕಷವಾಗಿ ನೋಡಿದಾಗ ಗೊತ್ತಾಯಿತು: ಅದು ಮ್ಯೂಸಿಯಮ್ಮಿನಿಂದ ಕದ್ದ ಹಳೇ ಹಕ್ಕಿ. ಹೊಸದಾಗಿ ಹತ್ತಿ ತುಂಬಿ, ಸುಳ್ಳು ಚೀಟಿ ಕಟ್ಟಿದ್ದ. ಆ ಚೀಟಿಯನ್ನು ಬದಿಗಿಟ್ಟು ಹಳೆಯ, ನಿಜವಾದ ಜಾಗಗಳಲ್ಲಿ ಹುಡುಕಿದಾಗ 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ, ಹಾಡಹಗಲಲ್ಲಿ, ಬೋಳು ಮರದ ಮೇಲೆ ಕೂತಿತ್ತು. 113 ವರ್ಷ. ಸತ್ತ ಗೂಬೆಯನ್ನೂ ಬಿಡದೆ ಕದಿಯುವವರು ಪದಕ ಹಾಕಿಕೊಂಡು ಓಡಾಡುತ್ತಾರೆ. ಬದುಕಿರುವ ಗೂಬೆ ಮಾತ್ರ ದರಿದ್ರ.

ಎಲ್ಲಿದ್ದೆ? ಹಾಂ, ದರಿದ್ರ.

ಉತ್ತರದ ಕಡೆ ಗೂಬೆ ಲಕ್ಷ್ಮಿಯ ವಾಹನ. ಹಾಗಾಗಿ ದೀಪಾವಳಿ ಅಮಾವಾಸ್ಯೆಯ ರಾತ್ರಿ ಲಕ್ಷ್ಮಿ ಒಲಿಯಲಿ ಅಂತ ಗೂಬೆಯನ್ನೇ ಬಲಿ ಕೊಡುತ್ತಾರೆ. ಬೀಗರನ್ನು ಊಟಕ್ಕೆ ಕರೆದು, ಅವರು ಬಂದ ಸ್ಕೂಟರನ್ನು ಗುಜರಿಗೆ ಹಾಕಿ, ಇನ್ನು ಇಲ್ಲೇ ಇರಿ ಎಂದ ಹಾಗೆ. 2010ರಲ್ಲಿ, ವನ್ಯಜೀವಿ ಮಾರಾಟದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆ ಈ ವ್ಯಾಪಾರದ ಬಗ್ಗೆ ವರದಿ ಕೊಟ್ಟಿತು. ನಮ್ಮ ದೇಶದ 15 ಜಾತಿಯ ಗೂಬೆಗಳು ಮಾರಾಟವಾಗುತ್ತಿದ್ದವು. ಮನೆ ಪಕ್ಕದ ಹಾಲಕ್ಕಿಯೂ ಆ ಪಟ್ಟಿಯಲ್ಲಿದೆ. ಕಣ್ಣು, ಉಗುರು, ರೆಕ್ಕೆ, ಮೂಳೆ, ರಕ್ತ, ಎಲ್ಲಕ್ಕೂ ಗಿರಾಕಿ. ಇದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಹಿಡಿಯುವಂತಿಲ್ಲ, ಮಾರುವಂತಿಲ್ಲ, ಪಂಜರದಲ್ಲಿ ಸಾಕುವಂತಿಲ್ಲ. ಜೈಲಿದೆ. ಇಷ್ಟಾದರೂ ಪ್ರತಿ ದೀಪಾವಳಿಗೂ ಅರಣ್ಯ ಇಲಾಖೆಗಳು ಎಚ್ಚರಿಕೆ ಕೊಡಬೇಕು, ಪತ್ರಿಕೆಗಳು ಅದೇ ಸುದ್ದಿ ಹಾಕಬೇಕು. ಇದರಲ್ಲಿ ತಮಾಷೆ ಮಾಡಲು ನನ್ನಿಂದ ಆಗುವುದಿಲ್ಲ. ಕಾಲು ಕಟ್ಟಿ ಗೋಣಿಚೀಲದಲ್ಲಿ ತುಂಬಿದ ಹಕ್ಕಿಯ ಹತ್ತಿರ ಯಾವ ಲಕ್ಷ್ಮಿಯೂ ಇಲ್ಲ, ಯಾವ ಶನಿಯೂ ಇಲ್ಲ. ಅದಕ್ಕೆ ನೋವಾಗುತ್ತಿದೆ, ಅಷ್ಟೇ. ಹೇಳಿ ಹೇಳಿ ಸಾಕಾಗಿದೆ.

ನಮ್ಮ ಅಸೋಸಿಯೇಷನ್ ಬಲಿ ಕೊಡುವಷ್ಟು ಕ್ರೂರಿಯಲ್ಲ. ನಾವು ವಿದ್ಯಾವಂತರು, ನಮ್ಮದು ನಾಜೂಕಿನ ದಾರಿ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕಾರಿನ ವೈರು ಕಡಿಯುವ ಇಲಿಗೆ ಪ್ರತಿ ತಿಂಗಳೂ ವಿಷದ ಬಿಲ್ಲೆ ಇಡಿಸುತ್ತೇವೆ. ಆ ವಿಷ ನಿಧಾನದ್ದು. ತಿಂದ ಇಲಿ ತಕ್ಷಣ ಸಾಯದೆ, ಕೆಲವು ದಿನ ತೂರಾಡುತ್ತಾ ಬಯಲಿಗೆ ಬರುತ್ತದೆ. ತೂರಾಡುವ ಇಲಿ ಸುಲಭದ ಬೇಟೆ. ಅದನ್ನು ತಿಂದ ಗೂಬೆಗೂ ಒಳಗೊಳಗೇ ರಕ್ತಸ್ರಾವ. ಬಿಟ್ಟಿ ಇಲಿ ಹಿಡಿಯುತ್ತಿದ್ದ ಒಬ್ಬನೇ ನೌಕರನನ್ನು ಕೊಂದು, ಪೆಸ್ಟ್ ಕಂಟ್ರೋಲ್ ಬಿಲ್ಲು ಜಾಸ್ತಿಯಾಯಿತು ಅಂತ ವಾರ್ಷಿಕ ಸಭೆಯಲ್ಲಿ ಕೂಗಾಡುತ್ತೇವೆ.

ಕೊಂಬೆಯ ವಿಷಯ. ಹಾಲಕ್ಕಿಗೆ ಮರ ಕೊರೆಯಲು ಬರುವುದಿಲ್ಲ. ಹಳೇ ಮರದಲ್ಲಿ ಕೊಂಬೆ ಮುರಿದು ಕೊಳೆತ ಪೊಟರೆಯೇ ಅದಕ್ಕೆ ಮನೆ. ಅದಕ್ಕೂ ಗೊರವಂಕದ ಜೊತೆ ಜಗಳ ಆಡಬೇಕು. ಮೊಟ್ಟೆ ಮರಿಯ ಕಾಲ ನವೆಂಬರಿನಿಂದ ಏಪ್ರಿಲ್. ಮಳೆಗಾಲಕ್ಕೆ ಮುಂಚೆ ಅಂತ ನಾವು ಗರಗಸ ತರುವುದೂ ಸರಿಯಾಗಿ ಮಾರ್ಚ್, ಏಪ್ರಿಲ್‌ನಲ್ಲೇ. ಮುಹೂರ್ತ ನೋಡುವುದರಲ್ಲಿ ನಾವು ಎಂದೂ ತಪ್ಪುವುದಿಲ್ಲ. ಮರ ಕಡಿಯಲು ಮರ ಅಧಿಕಾರಿಯ ಅನುಮತಿ ಬೇಕು, 1976ರಿಂದ ರಾಜ್ಯದಲ್ಲಿ ಕಾಯ್ದೆಯೇ ಇದೆ ಅಂತ ಗುಂಪಿನಲ್ಲಿ ಬರೆದೆ. "ಮೊದಲು ನಿಮ್ಮ ಸ್ಕೂಟರ್ ಸರಿಯಾಗಿ ನಿಲ್ಲಿಸಿ ಸಾರ್" ಎಂದು ಉತ್ತರ ಬಂತು.

ಸರಿ, ಇಷ್ಟು ಮಾಡಿ. ಮರಿ ಕೆಳಗೆ ಬಿದ್ದರೆ ನಾಯಿ ಬೆಕ್ಕು ಮುಟ್ಟದಂತೆ ನೋಡಿಕೊಳ್ಳಿ. ಗಾಯವಿಲ್ಲದಿದ್ದರೆ ಅದೇ ಮರದ ಕವಲಿನಲ್ಲಿ ಕೂರಿಸಿ ದೂರ ಸರಿಯಿರಿ, ಕತ್ತಲಾದ ಮೇಲೆ ತಾಯಿ ಬರುತ್ತದೆ. ಗಾಯವಿದ್ದರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಗೋ ಹಕ್ಕಿ ರಕ್ಷಿಸುವವರಿಗೋ ಫೋನ್ ಮಾಡಿ. ಅನ್ನ ತುರುಕಬೇಡಿ. ಅರಿಶಿನ ಕುಂಕುಮ ಹಚ್ಚಬೇಡಿ. ಹೆಸರು ಹಾಲಕ್ಕಿ ಅಂತ ದಯವಿಟ್ಟು ಹಾಲು ಕುಡಿಸಬೇಡಿ.