ಕಿಟಾಜಿಮಾ ಎಂದರೆ ಬರೀ ಪದಕಗಳಲ್ಲ

ಜಪಾನಿನ ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆಯಂತೆ ಕೈಕಾಲು ಆಡಿಸುವ ಶೈಲಿ) ಈಜುಗಾರ ಕೊಸುಕೆ ಕಿಟಾಜಿಮಾ ಬಗ್ಗೆ ನಿಮ್ಮ ಲೇಖನ ನೋಡಿ ಖುಷಿ ಆಯ್ತು. ಆದರೆ ಅಥೆನ್ಸ್ 2004, ಬೀಜಿಂಗ್ 2008, ಎರಡೂ ಒಲಿಂಪಿಕ್ಸ್‌ನಲ್ಲಿ 100 ಮತ್ತು 200 ಮೀಟರ್ ಚಿನ್ನ ಅಂತ ಹೇಳಿ ಮುಗಿಸಿಬಿಟ್ಟಿದ್ದೀರಿ. ಅಥೆನ್ಸ್ ಗಲಾಟೆ ಬಿಟ್ಟೇ ಹೋಗಿದೆ. 100 ಮೀಟರ್ ಫೈನಲ್ ಮುಗಿದ ಮೇಲೆ, ಬೆಳ್ಳಿ ಗೆದ್ದ ಅಮೆರಿಕದ ಬ್ರೆಂಡನ್ ಹ್ಯಾನ್ಸೆನ್ ಅಲ್ಲ, ಅವರ ತಂಡದ ಆರನ್ ಪಿಯರ್ಸಾಲ್ ತಕರಾರು ತೆಗೆದರು. ಕಿಟಾಜಿಮಾ ನೀರೊಳಗೆ ಡಾಲ್ಫಿನ್ ಕಿಕ್ ಹೊಡೆದರು ಅನ್ನೋದು ದೂರು. ಅಂದರೆ ಎರಡೂ ಕಾಲು ಜೋಡಿಸಿ ಒಮ್ಮೆಗೇ ಕೆಳಕ್ಕೆ ಒದೆಯೋದು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಆಗ ಅದಕ್ಕೆ ಅವಕಾಶ ಇರಲಿಲ್ಲ. ತೀರ್ಪುಗಾರರು ಅನರ್ಹ ಮಾಡಲಿಲ್ಲ, ಚಿನ್ನ ಉಳಿಯಿತು. ತಮಾಷೆ ನೋಡಿ, ಮರುವರ್ಷ ನಿಯಮವೇ ಬದಲಾಯಿತು. ಸ್ಟಾರ್ಟ್ ಮತ್ತು ಟರ್ನ್ (ಕೊಳದ ಗೋಡೆ ಮುಟ್ಟಿ ತಿರುಗೋದು) ಆದ ಮೇಲೆ ತಲಾ ಒಂದು ಡಾಲ್ಫಿನ್ ಕಿಕ್‌ಗೆ ಒಪ್ಪಿಗೆ ಸಿಕ್ಕಿತು.

ಬೀಜಿಂಗ್‌ನ 100 ಮೀಟರ್‌ನಲ್ಲಿ 58.91 ಸೆಕೆಂಡ್, ಆಗಿನ ವಿಶ್ವ ದಾಖಲೆ. 59ರ ಒಳಗೆ ಅಲ್ಲಿಯವರೆಗೆ ಯಾರೂ ಬಂದಿರಲಿಲ್ಲ. ಅನುಮಾನ ಪಟ್ಟವರಿಗೆ ಅಷ್ಟು ಸಾಕಲ್ವಾ?

ನನಗೆ ಜಾಸ್ತಿ ಇಷ್ಟ ಲಂಡನ್ 2012. ಅವರ ಎರಡು ಸ್ಪರ್ಧೆಗಳಲ್ಲಿ ಐದನೇ, ನಾಲ್ಕನೇ ಸ್ಥಾನ. ಕೊನೆಗೆ ಮೆಡ್ಲೆ ರಿಲೇಯಲ್ಲಿ, ಅಂದರೆ ನಾಲ್ವರು ಒಬ್ಬೊಬ್ಬರು ಒಂದೊಂದು ಶೈಲಿಯಲ್ಲಿ ಈಜುವ ತಂಡದ ಸ್ಪರ್ಧೆಯಲ್ಲಿ, ಬೆಳ್ಳಿ. ಕೊಸುಕೆ ಅವರನ್ನು ಬರಿಗೈಲಿ ಕಳಿಸಬಾರದು ಅಂತ ಉಳಿದ ಮೂವರೂ ಮಾತಾಡಿಕೊಂಡಿದ್ದರಂತೆ. ಆಮೇಲೂ ಸುಮ್ನೆ ಕೂರಲಿಲ್ಲ, 33ನೇ ವಯಸ್ಸಲ್ಲಿ ರಿಯೊ 2016ರ ಒಲಿಂಪಿಕ್ಸ್ ಆಯ್ಕೆಗೂ ಈಜಿದರು. ಆಯ್ಕೆ ಆಗಲಿಲ್ಲ, ನಿಜ. ಅದನ್ನೂ ಲೇಖನಕ್ಕೆ ಸೇರಿಸಿ.