ಮೊದಲ ಭಾಷೆ ಯಾವುದು ಎಂದು ಕೇಳುವ ನಮ್ಮ ಹುಡುಗರಿಗೆ

ಪರೀಕ್ಷೆಯ ಫಲಿತಾಂಶ ಬಂದರೆ ಸಾಕು, ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದ ಕನ್ನಡದ ಮಕ್ಕಳು ಬಂದು ಕೇಳುತ್ತಾರೆ: "ಪ್ರೋಗ್ರಾಮಿಂಗ್ ಕಲಿಯಬೇಕು, ಯಾವ ಭಾಷೆಯಿಂದ ಶುರು ಮಾಡಲಿ?" ಪೈಥಾನ್ ಎನ್ನುತ್ತೇನೆ. ಆದರೆ ಆ ಪೈಥಾನನ್ನು ನಿಮಗೆ ಯಾರು, ಯಾವ ಮಾತಿನಲ್ಲಿ ತಿಳಿಸಿ ಹೇಳುತ್ತಾರೆ ಎಂಬುದೇ ನನಗೆ ಹೆಚ್ಚು ಮುಖ್ಯ.

ಕುಂದಾಪುರದ ಕಡೆಯ ಹುಡುಗನೊಬ್ಬ ಇಲ್ಲಿನ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿದವನು. ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದು ಕಲಿಯುತ್ತಾನೆ. ಬಿಲ್ಲು ಕೂಡಿಸುವ ಪ್ರೋಗ್ರಾಮ್ ಬರೆದು, ಇಡ್ಲಿಗೆ 40, ಕಾಫಿಗೆ 25 ಎಂದು ಒತ್ತಿದ. ಪರದೆಯ ಮೇಲೆ ಬಂದದ್ದು 4025. ಪೈಥಾನಿನ 'ಇನ್‌ಪುಟ್' ಎಂಬ ಆಜ್ಞೆ ನಾವು ಒತ್ತಿದ್ದು ಅಂಕಿಯಾದರೂ ಅಕ್ಷರಗಳ ಸಾಲಾಗಿಯೇ ತೆಗೆದುಕೊಳ್ಳುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ ಸ್ಟ್ರಿಂಗ್ (ಅಕ್ಷರಗಳ ಸಾಲು), ಇಂಟಿಜರ್ (ಪೂರ್ಣಾಂಕ) ಎಂದು ಅವನು ಎರಡು ಸಲ ಓದಿದ್ದನಂತೆ, ತಲೆಗೆ ಹತ್ತಿರಲಿಲ್ಲ. ನಾನು ಎರಡು ಚೀಟಿಗಳಲ್ಲಿ 40, 25 ಎಂದು ಬರೆದು ಅಕ್ಕಪಕ್ಕ ಇಟ್ಟೆ. "ಚೀಟಿಗೆ ಚೀಟಿ ಸೇರಿಸಿದರೆ ಚೀಟಿ ಉದ್ದವಾಗುತ್ತದೆ, ಅಷ್ಟೆ. ಮೊತ್ತ ಬೇಕಾದರೆ ಚೀಟಿಯನ್ನು ಮೊದಲು ದುಡ್ಡಾಗಿಸಬೇಕು." ಅವನು ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ತಾನೇ ಎರಡೂ ಕಡೆ, ಅಕ್ಷರಗಳನ್ನು ಸಂಖ್ಯೆಯಾಗಿಸುವ 'ಇಂಟ್' ಹಾಕಿದ. 65 ಬಂತು.

ಪ್ರೋಗ್ರಾಮಿನೊಳಗಿನ ಹೆಸರುಗಳನ್ನೂ ಅವನು ಕನ್ನಡದಲ್ಲೇ ಇಟ್ಟಿದ್ದ: ಇಡ್ಲಿ, ಕಾಫಿ, ಮೊತ್ತ. 2008ರಲ್ಲಿ ಬಂದ ಪೈಥಾನ್ 3 ಇದಕ್ಕೆ ಅವಕಾಶ ಕೊಡುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷ್ ಹೆಸರುಗಳೇ ಬೇಕಾಗುತ್ತವೆ, ನಿಜ. ಕಲಿಯುವಾಗ ಆ ಭಾರ ಏಕೆ? ಕನ್ನಡ ಪದಗಳಿಂದಲೇ ಕಲಿಯುವುದೂ ಇದೆ. 'ಕನ್ನಡ' ಎಂಬ ಪದದ ಉದ್ದವನ್ನು ಪೈಥಾನಿಗೆ ಕೇಳಿ ನೋಡಿ, 5 ಎನ್ನುತ್ತದೆ. ನಮ್ಮ ಕಣ್ಣಿಗೆ ಕಾಣುವುದು 3 ಅಕ್ಷರ. ಒತ್ತಕ್ಷರದ ಎರಡು 'ನ', ಅವನ್ನು ಜೋಡಿಸುವ ನಡುವಿನ ಹಲಂತ ಚಿಹ್ನೆ ಎಲ್ಲವನ್ನೂ ಅದು ಬಿಡಿಬಿಡಿಯಾಗಿ ಎಣಿಸುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂದರೇನು ಎಂಬುದನ್ನು ಇದೊಂದೇ ಪದ ಇಟ್ಟುಕೊಂಡು ಕಲಿಸಬಹುದು.

ನನ್ನ ಡಿಪ್ಲೊಮಾ ದಿನಗಳು ಹೀಗಿರಲಿಲ್ಲ. ಸಿ ಭಾಷೆಯಲ್ಲಿ ಬರೆಯಲು ಬಳಸುತ್ತಿದ್ದ ಟರ್ಬೊ ಸಿ ಎಂಬ ತಂತ್ರಾಂಶದ ನೀಲಿ ಪರದೆ, ಬೋರ್ಡಿನ ಮೇಲಿನದನ್ನು ನಕಲು ಮಾಡುವುದು, ಪರೀಕ್ಷೆಗೆ ಪ್ರೋಗ್ರಾಮನ್ನೇ ಬಾಯಿಪಾಠ ಮಾಡುವುದು. ಈ ಆವರಣ ಚಿಹ್ನೆ ಏಕೆ ಎಂದು ಕೇಳಬೇಕಾದರೆ ಇಂಗ್ಲಿಷಿನಲ್ಲಿ ಕೇಳಬೇಕಿತ್ತು. ಕೇಳಲಿಲ್ಲ. ಒಂದು ವರ್ಷ ದಂಡವಾಯಿತು. ಆ ಸಂಕಟ ಇನ್ನೂ ಹೋಗಿಲ್ಲ.

ಸಿ ಕಲಿತರೆ ಬುನಾದಿ ಗಟ್ಟಿಯಾಗುತ್ತದೆ ಎನ್ನುವ ಹಿರಿಯರಿಗೆ ನನ್ನ ಗೌರವವಿದೆ. ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಆ ಭಾಷೆಯಲ್ಲೇ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು ಮರಳಿ ಬರೆದರು. ಮೆಮೊರಿಯ ಒಳಗನ್ನು ಅದು ತೋರಿಸುವಷ್ಟು ಪೈಥಾನ್ ತೋರಿಸುವುದಿಲ್ಲ. ಎರಡನೆಯ ಭಾಷೆಯಾಗಿ ಖಂಡಿತ ಕಲಿಯಿರಿ. ವೆಬ್‌ಸೈಟ್ ಮಾಡುವ ಆಸೆಯಿದ್ದವರು ಜಾವಾಸ್ಕ್ರಿಪ್ಟ್‌ನಿಂದಲೂ ಹೊರಡಬಹುದು. ಮೂರು ತಿಂಗಳಿಗೊಮ್ಮೆ ಭಾಷೆ ಬದಲಿಸಬೇಡಿ.

ದುಡ್ಡಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ನಮ್ಮದೇ ಬೀದಿಯ ಒಂದು ಕ್ಲಾಸು ಕೆಲಸ ಗ್ಯಾರಂಟಿ ಎಂದು ಹೇಳಿ, ಇದೇ ಹುಡುಗನಿಂದ ಅವನ ಎರಡು ತಿಂಗಳ ಸಂಬಳ ಕೇಳಿತ್ತು. ಇತ್ತ ಪೊವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಸುಮಾರು 10 ನಿಮಿಷಗಳ ಪಾಠಗಳು ಉಚಿತವಾಗಿ ಸಿಗುತ್ತವೆ, ಹಲವು ಪಾಠಗಳಿಗೆ ಕನ್ನಡದ ಧ್ವನಿಯೂ ಇದೆ. ಪಾಠವನ್ನು ನಿಲ್ಲಿಸಿ, ಪಕ್ಕದಲ್ಲೇ ಮಾಡಿ ನೋಡಿ, ಮುಂದೆ ಹೋಗುವುದು ಅದರ ಕ್ರಮ. ಇಂಗ್ಲಿಷ್ ಸ್ವಲ್ಪ ಕೈಗೆ ಹತ್ತಿದ ಮೇಲೆ, ಐಐಟಿಗಳು ನಡೆಸುವ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕ ಮಾಧವನ್ ಮುಕುಂದ್ ಅವರ ಪೈಥಾನ್ ಪಾಠಗಳನ್ನು ಕೇಳಿ. ಪಾಠ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಕಂಪ್ಯೂಟರ್ ಇಲ್ಲದವರು ಮೊಬೈಲಿನ ಬ್ರೌಸರಿನಲ್ಲೇ ಪೈಥಾನ್ ಬರೆದು ಓಡಿಸಲು ಬಿಡುವ ಗೂಗಲ್ ಕೊಲ್ಯಾಬ್ ತಾಣ ತೆರೆದು ಬರೆಯಬಹುದು. ನಮ್ಮ ಹುಡುಗ ಹಾಗೆಯೇ ಬರೆಯುತ್ತಾನೆ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರು ಮುಂಬಯಿಯಲ್ಲಿ ಎಷ್ಟೋ ಜನ. ಆ ಶಾಲೆಗಳಲ್ಲಿ ಅವರಿಗೆ ಪಾಠ ಹೇಳಿದ್ದು ಕನ್ನಡದಲ್ಲಿ. ಕಂಪ್ಯೂಟರ್ ಬಲ್ಲ ಮುಂಬಯಿ ಕನ್ನಡಿಗರೇ, ವಾರಕ್ಕೆ ಒಂದು ಗಂಟೆ ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ ಕೊಡಿ. ನಮ್ಮ ಸಂಘಗಳ ಸಭಾಂಗಣಗಳಲ್ಲಿ ಇದಕ್ಕೊಂದು ಮೂಲೆ ಸಿಗದೇ?

ಮೊನ್ನೆ ರಾತ್ರಿ ಹನ್ನೊಂದೂವರೆಗೆ, ಹೋಟೆಲಿನ ಬಾಗಿಲು ಹಾಕಿದ ಮೇಲೆ, ಅವನ ಸಂದೇಶ ಬಂತು: "ಚಿಲ್ಲರೆ ಲೆಕ್ಕವನ್ನೂ ಸೇರಿಸಿದೆ ಅಣ್ಣ. ನೂರರ ನೋಟು ಕೊಟ್ಟರೆ 35 ಎಂದು ಸರಿಯಾಗಿ ತೋರಿಸುತ್ತದೆ. ಗಿರಾಕಿ ಕಡಿಮೆ ಕೊಟ್ಟರೆ ಏನು ಹೇಳಬೇಕು ಎಂದು ಅದಕ್ಕೆ ಹೇಗೆ ತಿಳಿಸುವುದು?"